ಗಾಜನೂರಿನಿಂದ ಕಾಪುವಿಗೆ: ಕಡಲ ದೀಪಸ್ತಂಭಗಳೂ ವರ್ತಕರ ಲೆಕ್ಕಪುಸ್ತಕವೂ

ಶಿವಮೊಗ್ಗ ಮತ್ತು ಭದ್ರಾವತಿಯ ವರ್ತಕ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಘಟ್ಟ ಇಳಿದು ಕರಾವಳಿಗೆ ಹೋಗಿಬರುವುದು ವಾಡಿಕೆ. ಉಡುಪಿಯ ಶ್ರೀಕೃಷ್ಣ ಮಠ, ಕೊಲ್ಲೂರಿನ ಮೂಕಾಂಬಿಕೆ ಹಾಗೂ ಮಲ್ಪೆಯ ಕಡಲತೀರಗಳನ್ನು ನೋಡಿಕೊಂಡು, ಸಮಯ ಉಳಿದರೆ ಕಾಪುವಿನ ದೀಪಸ್ತಂಭದ ಬಳಿ ಒಂದು ಸಂಜೆ ಕಳೆದು ಹಿಂದಿರುಗುತ್ತಾರೆ. ಈ ಪಟ್ಟಿಯಲ್ಲಿ ದೀಪಸ್ತಂಭಕ್ಕೆ ದೊರೆಯುವುದು ಕೊನೆಯ ಸ್ಥಾನ. ಛಾಯಾಚಿತ್ರಕ್ಕೆ ಒಳ್ಳೆಯ ಹಿನ್ನೆಲೆ ಎಂಬುದಕ್ಕಿಂತ ಹೆಚ್ಚಿನ ಮಹತ್ವವನ್ನು ಯಾರೂ ಅದಕ್ಕೆ ನೀಡುವುದಿಲ್ಲ.

ಆದರೆ ಸಮುದ್ರದ ಮೂಲಕ ಸರಕು ಕಳುಹಿಸುವ ಅಥವಾ ತರಿಸಿಕೊಳ್ಳುವ ಪ್ರತಿಯೊಬ್ಬ ಉದ್ದಿಮೆದಾರನೂ ಆ ಬೆಳಕಿನ ವೆಚ್ಚದ ಒಂದಂಶವನ್ನು ತನಗೆ ಅರಿವಿಲ್ಲದೆಯೇ ಭರಿಸುತ್ತಿದ್ದಾನೆ. ಆ ಬೆಳಕು ಕೆಟ್ಟು ಹಡಗು ಅಪಾಯಕ್ಕೆ ಸಿಲುಕಿದರೆ ಬರುವ ನಷ್ಟದಲ್ಲಿಯೂ ಅವನಿಗೆ ಪಾಲುಂಟು. ಆದುದರಿಂದ ದೀಪಸ್ತಂಭವೆಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಅದರ ಖರ್ಚನ್ನು ಯಾರು ಕೊಡುತ್ತಾರೆ, ಮಲೆನಾಡಿನ ಸಣ್ಣ ಉದ್ದಿಮೆಗಳಿಗೆ ಅದರಿಂದ ಯಾವ ಅವಕಾಶವಿದೆ ಎಂಬುದನ್ನು ತಿಳಿದು ಪ್ರವಾಸ ಹೊರಟರೆ ಎರಡು ದಿನಗಳ ತಿರುಗಾಟ ವ್ಯಾಪಾರಕ್ಕೂ ಉಪಯುಕ್ತವಾದೀತು.

ಹಳೆಯ ಮೆಣಸಿನ ದಾರಿ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೊರಟ ವಾಹನಕ್ಕೆ ಮೊದಲು ಸಿಗುವ ಮುಖ್ಯ ಸ್ಥಳ ಗಾಜನೂರು. ತುಂಗಾ ಮೇಲ್ದಂಡೆ ಯೋಜನೆಯ ಜಲಾಶಯ ಹಾಗೂ ಜವಾಹರ ನವೋದಯ ವಿದ್ಯಾಲಯ ಇಲ್ಲಿವೆ. ಸಕ್ರೆಬೈಲಿನ ಆನೆ ಬಿಡಾರವೂ ಸಮೀಪದಲ್ಲಿಯೇ ಇದೆ. ರಾಷ್ಟ್ರೀಯ ಹೆದ್ದಾರಿ 169 ತುಂಗೆಯ ದಂಡೆಯನ್ನು ಅನುಸರಿಸಿ ಮಂಡಗದ್ದೆಯ ಮೂಲಕ ತೀರ್ಥಹಳ್ಳಿಯನ್ನು ತಲುಪುತ್ತದೆ. ಅಲ್ಲಿಂದ 169 ಎ ಹೆದ್ದಾರಿಯು ಆಗುಂಬೆ ಘಟ್ಟ ಇಳಿದು ಹೆಬ್ರಿ, ಮಣಿಪಾಲ ಮತ್ತು ಉಡುಪಿಯ ಮೂಲಕ ಮಲ್ಪೆಯ ಕಡಲಿಗೆ ಸೇರುತ್ತದೆ. ಗಾಜನೂರಿನಿಂದ ಕಾಪುವಿಗೆ ಸುಮಾರು 150 ಕಿ.ಮೀ. ದೂರ. ಬೆಳಿಗ್ಗೆ ತುಂಗೆಯ ನೀರನ್ನು ನೋಡಿ ಹೊರಟವರು ಮಧ್ಯಾಹ್ನದ ಊಟದ ವೇಳೆಗೆ ಅರಬ್ಬೀ ಸಮುದ್ರದ ದಡದಲ್ಲಿರಬಹುದು.

ಈ ದಾರಿಗಳು ಮಲೆನಾಡಿನ ವ್ಯಾಪಾರಕ್ಕೆ ಹೊಸತಲ್ಲ. ಕೆಳದಿ ಅರಸರ ಕಾಲದಲ್ಲಿ ಇಕ್ಕೇರಿ ಮತ್ತು ಬಿದನೂರಿನಿಂದ ಕಾಳುಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಗಂಗೊಳ್ಳಿ ಹಾಗೂ ಬಸರೂರುಗಳಿಗೆ ಸಾಗುತ್ತಿತ್ತು. ಪೋರ್ಚುಗೀಸರು ಮೆಣಸಿಗಾಗಿಯೇ ಈ ಅರಸರೊಡನೆ ಒಪ್ಪಂದಗಳನ್ನು ಮಾಡಿಕೊಂಡರು. ಅದಕ್ಕಾಗಿಯೇ ಜಗಳವನ್ನೂ ಆಡಿದರು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಬಂದುದು ಸಹ ಇಂತಹುದೇ ಒಂದು ಪೋರ್ಚುಗೀಸ್ ರಾಯಭಾರದ ಜೊತೆಯಲ್ಲಿ.

ಮುಂದೆ ಈ ಸಂಬಂಧ ಕಡಿದುಹೋಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಕರಾವಳಿಯು ಕಂಪನಿಯ, ಅನಂತರ ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳ ವಶದಲ್ಲಿತ್ತು. ಶಿವಮೊಗ್ಗವು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಸಂಸ್ಥಾನಕ್ಕೆ ಸ್ವಂತ ಬಂದರೇ ಇರಲಿಲ್ಲ. ಭಟ್ಕಳವನ್ನು ಬಂದರಾಗಿ ಬೆಳೆಸಬೇಕೆಂಬ ವಿಚಾರ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೂಡಿತ್ತಾದರೂ ಕೈಗೂಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕಡಲಿಗೆ ಇಷ್ಟು ಹತ್ತಿರವಿದ್ದೂ ತನ್ನದೇ ಸಂಸ್ಥಾನದ ಬಂದರಿಲ್ಲದೆ ಬೆಳೆಯಬೇಕಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಎರಡೂ ಕನ್ನಡ ಜಿಲ್ಲೆಗಳ ಕರಾವಳಿ ಸೇರಿದ ಮೇಲೆಯೇ ಮಲೆನಾಡಿನ ವರ್ತಕನಿಗೂ ಸಮುದ್ರಕ್ಕೂ ಒಂದೇ ಆಡಳಿತದ ದಾರಿ ದೊರೆಯಿತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಅದರ ವಿಧ್ಯುಕ್ತ ಉದ್ಘಾಟನೆ ನಡೆಯಿತು.

ಕಾಪುವಿನ ಬಂಡೆಯ ಮೇಲೆ

ಉಡುಪಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 13 ಕಿ.ಮೀ. ಸಾಗಿದರೆ ಕಾಪು. ಕಡಲಿಗೆ ಚಾಚಿದ ಬಂಡೆಯೊಂದರ ಮೇಲೆ 1901ರಲ್ಲಿ ಕಟ್ಟಲಾದ ಇಲ್ಲಿಯ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಒಂದು ಶತಮಾನಕ್ಕೂ ಮೀರಿ ಮಳೆಗಾಲದ ಅಲೆಗಳಿಗೆ ಎದುರಾಗಿ ನಿಂತಿರುವ ಈ ಗೋಪುರವು ಇಂದಿಗೂ ಕೆಲಸ ಮಾಡುತ್ತಿದೆ. ನಿಗದಿತ ಸಂಜೆಯ ವೇಳೆಯಲ್ಲಿ ಅಲ್ಪ ಶುಲ್ಕ ನೀಡಿ ಒಳಗಿನ ಮೆಟ್ಟಿಲುಗಳನ್ನು ಹತ್ತಿ ಮೇಲಕ್ಕೆ ಹೋಗಬಹುದು.

ಸಾಮಾನ್ಯವಾಗಿ ದೀಪಸ್ತಂಭಗಳಿಗೆ ಆಯ್ಕೆಯಾಗುವುದು ಇಂತಹ ಸ್ಥಳಗಳೇ. ಕಡಲಿನಲ್ಲಿ ಬಂಡೆಗಳಿದ್ದು ದಡಕ್ಕೆ ಸಮೀಪ ಬರುವ ಹಡಗುಗಳಿಗೆ ಅಪಾಯವಿರುವ ಕಡೆ, ತೀರದ ದಿಕ್ಕು ಬದಲಾಗುವ ಕಡೆ, ಬಂದರಿನ ಬಾಯಿಯ ಬಳಿ ಅಥವಾ ಮುಖ್ಯ ಹಡಗುದಾರಿಯಿಂದ ಸ್ಪಷ್ಟವಾಗಿ ಕಾಣುವ ಎತ್ತರದ ಜಾಗದಲ್ಲಿ ಅವುಗಳನ್ನು ಕಟ್ಟುತ್ತಾರೆ. ಹಗಲಿನಲ್ಲಿಯೂ ಅವುಗಳಿಗೆ ಕೆಲಸವುಂಟು. ಗೋಪುರದ ಆಕಾರ ಮತ್ತು ಬಣ್ಣದ ಪಟ್ಟಿಗಳು ನಾವಿಕನಿಗೆ ಇದು ಯಾವ ಊರಿನ ಗೋಪುರವೆಂದು ಹೇಳುತ್ತವೆ. ಆದುದರಿಂದ ಬಣ್ಣ ಬಳಿಯುವುದು ಅಲಂಕಾರಕ್ಕಾಗಿ ಮಾತ್ರವಲ್ಲ.

ಬೆಳಕು ದೂರ ಹೋಗುವ ಬಗೆ

ದೀಪಸ್ತಂಭದಲ್ಲಿ ಬಹಳ ದೊಡ್ಡ ದೀಪವಿರುತ್ತದೆಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ದೀಪ ಸಣ್ಣದೇ. ಅದರ ಸುತ್ತಲಿನ ಗಾಜಿನ ಮಸೂರವೇ ಮುಖ್ಯ. ಬಯಲಿನಲ್ಲಿಟ್ಟ ದೀಪದ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಆಕಾಶಕ್ಕೆ ಮತ್ತು ನೆಲಕ್ಕೆ ಹೋದ ಬೆಳಕು ನಾವಿಕನ ಪಾಲಿಗೆ ವ್ಯರ್ಥ. ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1820ರ ದಶಕದ ಆರಂಭದಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದನು. ದಪ್ಪನೆಯ ಒಂದೇ ಮಸೂರದ ಬದಲಿಗೆ, ಉಂಗುರದಾಕಾರದ ಅನೇಕ ಗಾಜಿನ ಪಟ್ಟಕಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಹರಡುವ ಬೆಳಕನ್ನು ಬಾಗಿಸಿ ದಿಗಂತದ ಕಡೆಗೆ ಒಟ್ಟಾಗಿ ಕಳುಹಿಸುವ ವ್ಯವಸ್ಥೆಯಿದು. ಗಾಜಿನ ತೂಕ ಕಡಿಮೆಯಾಯಿತು. ಬೆಳಕು ಹಲವು ಪಟ್ಟು ತೀಕ್ಷ್ಣವಾಯಿತು. ಇಂದು ಮೋಟಾರು ವಾಹನಗಳ ದೀಪದ ಗಾಜುಗಳಲ್ಲಿಯೂ ಇದೇ ತತ್ತ್ವದ ಬಳಕೆಯನ್ನು ಕಾಣಬಹುದು.

ಹಿಂದೆ ಎಣ್ಣೆ, ಆಮೇಲೆ ಸೀಮೆಎಣ್ಣೆಯ ಆವಿ, ಅನಂತರ ವಿದ್ಯುತ್ತು ಹೀಗೆ ದೀಪದ ಮೂಲ ಬದಲಾಗುತ್ತ ಬಂದಿದೆ. ಹಳೆಯ ದೊಡ್ಡ ಮಸೂರಗಳನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿ, ಗಡಿಯಾರದಂತೆ ಭಾರದ ಗುಂಡು ಇಳಿಯುವ ಯಂತ್ರದಿಂದ ತಿರುಗಿಸುತ್ತಿದ್ದರು. ಟನ್ನುಗಟ್ಟಲೆ ತೂಕದ ಗಾಜು ಬೆರಳಿನ ಒತ್ತಡಕ್ಕೆ ತಿರುಗುವಷ್ಟು ಹಗುರವಾಗುತ್ತಿತ್ತು. ಕಾವಲುಗಾರನು ರಾತ್ರಿಯಿಡೀ ಎಚ್ಚರವಿದ್ದು ಆ ಗುಂಡನ್ನು ಮತ್ತೆ ಮತ್ತೆ ಮೇಲಕ್ಕೆ ಸುತ್ತಬೇಕಾಗುತ್ತಿತ್ತು. ಈಗ ಎಲ್‌ಇಡಿ ದೀಪ, ಸೌರಫಲಕ ಮತ್ತು ಬ್ಯಾಟರಿಗಳು ಅನೇಕ ಕಡೆ ಆ ಶ್ರಮವನ್ನು ತಪ್ಪಿಸಿವೆ.

ತಿರುಗುವ ಮಸೂರದಿಂದಾಗಿಯೇ ದೂರದಿಂದ ನೋಡುವವನಿಗೆ ಬೆಳಕು ಮಿನುಗಿದಂತೆ ಕಾಣುತ್ತದೆ. ಎಷ್ಟು ಸೆಕೆಂಡುಗಳಿಗೊಮ್ಮೆ ಮಿನುಗಬೇಕು, ಒಂದೊಂದಾಗಿಯೋ ಗುಂಪಾಗಿಯೋ ಎಂಬುದು ಪ್ರತಿ ದೀಪಸ್ತಂಭಕ್ಕೂ ಪ್ರತ್ಯೇಕವಾಗಿ ಗೊತ್ತಾಗಿರುತ್ತದೆ. ಅಕ್ಕಪಕ್ಕದ ಎರಡು ದೀಪಗಳ ಮಿನುಗು ಒಂದೇ ಆಗಿರದಂತೆ ನೋಡಿಕೊಳ್ಳಲಾಗುತ್ತದೆ. ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿಯು ಈ ವಿವರಗಳನ್ನೆಲ್ಲ ದೀಪಗಳ ಪಟ್ಟಿಯೆಂಬ ಪುಸ್ತಕವಾಗಿ ಪ್ರಕಟಿಸುತ್ತದೆ. ಹಡಗಿನ ಅಧಿಕಾರಿಯು ಗಡಿಯಾರ ಹಿಡಿದು ಮಿನುಗುಗಳ ನಡುವಿನ ಅಂತರವನ್ನು ಎಣಿಸಿ, ಪಟ್ಟಿಯೊಡನೆ ಹೋಲಿಸಿ ತಾನು ಎಲ್ಲಿದ್ದೇನೆಂದು ಅರಿಯುತ್ತಾನೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಮಿನುಗೆಂಬುದು ದೀಪಸ್ತಂಭದ ವ್ಯಾಪಾರಮುದ್ರೆ. ಕಾಪುವಿನ ತೀರದಲ್ಲಿ ಕತ್ತಲಾಗುವವರೆಗೆ ನಿಂತು ಈ ಎಣಿಕೆಯನ್ನು ಮಕ್ಕಳಿಂದ ಮಾಡಿಸಿ ನೋಡಬಹುದು.

ಎತ್ತರದ ಲೆಕ್ಕ

ಬೆಳಕು ಎಷ್ಟೇ ತೀಕ್ಷ್ಣವಾಗಿದ್ದರೂ ಭೂಮಿಯ ಬಾಗು ಅದನ್ನು ಒಂದು ದೂರದ ನಂತರ ಮರೆಮಾಡುತ್ತದೆ. ಗೋಪುರ ಎತ್ತರವಿರಬೇಕಾದುದು ಇದಕ್ಕಾಗಿ. ನಾವಿಕರು ಬಳಸುವ ಸೂತ್ರ ಸರಳವಾದುದು: ಸಮುದ್ರಮಟ್ಟದಿಂದ ದೀಪದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 2.08ರಿಂದ ಗುಣಿಸಬೇಕು; ನೋಡುವವನ ಕಣ್ಣಿನ ಎತ್ತರಕ್ಕೂ ಹಾಗೆಯೇ ಮಾಡಿ ಎರಡನ್ನೂ ಕೂಡಿಸಬೇಕು. ಉತ್ತರ ನಾಟಿಕಲ್ ಮೈಲಿಗಳಲ್ಲಿ ಬರುತ್ತದೆ. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿ.ಮೀ.

ಉದಾಹರಣೆಗೆ, ದೀಪವು ಸಮುದ್ರಮಟ್ಟದಿಂದ 36 ಮೀಟರ್ ಎತ್ತರದಲ್ಲಿದೆಯೆಂದೂ ಹಡಗಿನ ಅಧಿಕಾರಿಯ ಕಣ್ಣು 9 ಮೀಟರ್ ಎತ್ತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. 36ರ ವರ್ಗಮೂಲ 6, 2.08ರಿಂದ ಗುಣಿಸಿದರೆ ಸುಮಾರು 12.5. 9ರ ವರ್ಗಮೂಲ 3. ಗುಣಿಸಿದರೆ ಸುಮಾರು 6.2. ಒಟ್ಟು 18.7 ನಾಟಿಕಲ್ ಮೈಲಿ, ಅಂದರೆ 34 ಕಿ.ಮೀ.ಗಿಂತ ತುಸು ಹೆಚ್ಚು. ಅದೇ ದೀಪವು ಸಣ್ಣ ದೋಣಿಯಲ್ಲಿ ನೀರಿನಿಂದ 2.25 ಮೀಟರ್ ಮೇಲೆ ಕಣ್ಣಿಟ್ಟ ಮೀನುಗಾರನಿಗೆ 15.6 ನಾಟಿಕಲ್ ಮೈಲಿಯಿಂದ, ಎಂದರೆ ಸುಮಾರು 29 ಕಿ.ಮೀ. ದೂರದಿಂದ ಕಾಣಿಸತೊಡಗುತ್ತದೆ. ಎತ್ತರವನ್ನು ನಾಲ್ಕು ಪಟ್ಟು ಮಾಡಿದರೂ ದೀಪದ ಕಡೆಯ ದೂರ ಎರಡು ಪಟ್ಟು ಮಾತ್ರ ಹೆಚ್ಚುವುದೆಂಬುದು ಈ ಸೂತ್ರದಿಂದ ಸ್ಪಷ್ಟವಾಗುತ್ತದೆ. ಬರಿಯ ಗೋಪುರವನ್ನು ಎತ್ತರಿಸಲು ಹಣ ಸುರಿಯುವುದಕ್ಕಿಂತ ಸಹಜವಾದ ಬಂಡೆ ಅಥವಾ ಗುಡ್ಡವನ್ನು ಆರಿಸಿಕೊಳ್ಳುವುದು ಲಾಭದಾಯಕ. ಕಾಪುವಿನ ಬಂಡೆ, ಸುರತ್ಕಲ್ಲಿನ ದಿಬ್ಬ ಇವುಗಳ ಆಯ್ಕೆಯ ಹಿಂದಿನ ಮಿತವ್ಯಯ ಇದು.

ಖರ್ಚು ಯಾರದು?

ದೀಪಸ್ತಂಭದ ಬೆಳಕನ್ನು ನೋಡಿದ ಹಡಗಿನಿಂದ ನೋಡಿದ್ದಕ್ಕೆ ಬೆಲೆ ಪಡೆಯಲು ಸಾಧ್ಯವಿಲ್ಲ. ಹಣ ಕೊಡದ ಹಡಗಿಗೆ ಮಾತ್ರ ಬೆಳಕನ್ನು ಮರೆಮಾಡಲೂ ಆಗದು. ಅರ್ಥಶಾಸ್ತ್ರಜ್ಞರು ಸಾರ್ವಜನಿಕ ಸೌಲಭ್ಯಕ್ಕೆ ದೀಪಸ್ತಂಭವನ್ನೇ ಉದಾಹರಣೆಯಾಗಿ ಕೊಡುತ್ತ ಬಂದಿರುವುದು ಇದರಿಂದಲೇ. ಭಾರತದಲ್ಲಿ ಇದಕ್ಕೆ ಕಂಡುಕೊಂಡ ದಾರಿಯೆಂದರೆ ಬಂದರಿನಲ್ಲಿ ವಸೂಲಿ ಮಾಡುವುದು.

1927ರ ದೀಪಸ್ತಂಭ ಕಾಯ್ದೆಯು ಎಲ್ಲ ಹಡಗುಗಳಿಗೂ ಉಪಯೋಗವಾಗುವ ಸಾಮಾನ್ಯ ದೀಪಸ್ತಂಭಗಳನ್ನು ಕೇಂದ್ರ ಸರ್ಕಾರದ ಆಡಳಿತಕ್ಕೆ ಒಪ್ಪಿಸಿತು. ಒಂದೊಂದು ಬಂದರಿಗಷ್ಟೇ ಸೀಮಿತವಾದ ಸ್ಥಳೀಯ ದೀಪಗಳನ್ನು ಆಯಾ ಅಧಿಕಾರಗಳಿಗೆ ಬಿಟ್ಟಿತು. ಭಾರತದ ಬಂದರಿಗೆ ಬರುವ ಅಥವಾ ಅಲ್ಲಿಂದ ಹೊರಡುವ ಹಡಗುಗಳ ಮೇಲೆ ಅವುಗಳ ಟನ್ನೇಜಿಗೆ ಅನುಗುಣವಾಗಿ ದೀಪಶುಲ್ಕ ವಿಧಿಸಲಾಯಿತು. ಒಮ್ಮೆ ಕೊಟ್ಟ ಹಡಗಿಗೆ 30 ದಿನಗಳವರೆಗೆ ಮತ್ತೆ ಶುಲ್ಕವಿರಲಿಲ್ಲ. ವಸೂಲಿಯ ಹೊಣೆ ಸೀಮಾಸುಂಕದ ಅಧಿಕಾರಿಗಳದು. ಶುಲ್ಕ ಕಟ್ಟದ ಹಡಗಿಗೆ ಬಂದರಿನಿಂದ ಹೊರಡಲು ಅನುಮತಿ ಸಿಗುತ್ತಿರಲಿಲ್ಲ. 94 ವರ್ಷಗಳ ನಂತರ ಈ ಕಾಯ್ದೆಯ ಸ್ಥಾನಕ್ಕೆ 2021ರ ನೌಕಾಯಾನ ಸಹಾಯಕ ಸಾಧನಗಳ ಕಾಯ್ದೆ ಬಂದಿತು. ದೀಪದ ಜೊತೆಗೆ ರೇಡಿಯೋ ಸಂಕೇತ, ತೇಲುಬುರುಡೆ ಹಾಗೂ ಹಡಗುಗಳ ಸಂಚಾರ ನಿಗಾ ವ್ಯವಸ್ಥೆಗಳೂ ಇದರ ವ್ಯಾಪ್ತಿಗೆ ಸೇರಿದವು. ಶುಲ್ಕದ ಹೆಸರೂ ಅದಕ್ಕೆ ತಕ್ಕಂತೆ ಬದಲಾಯಿತು. ನೋಯ್ಡಾದಲ್ಲಿ ಕೇಂದ್ರ ಕಚೇರಿಯಿರುವ ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯವು ಕೇಂದ್ರ ಬಂದರು, ನೌಕಾಯಾನ ಮತ್ತು ಜಲಮಾರ್ಗ ಸಚಿವಾಲಯದ ಅಡಿಯಲ್ಲಿ ಸುಮಾರು 200 ದೀಪಸ್ತಂಭಗಳನ್ನು ನೋಡಿಕೊಳ್ಳುತ್ತಿದೆ.

ಹಡಗಿನ ಮಾಲೀಕನು ಈ ಶುಲ್ಕವನ್ನು ತನ್ನ ಕಿಸೆಯಿಂದ ಕೊಟ್ಟು ಸುಮ್ಮನಾಗುವುದಿಲ್ಲ. ಬಂದರು ವೆಚ್ಚಗಳ ಜೊತೆಗೆ ಅದನ್ನೂ ಸೇರಿಸಿ ಸಾಗಣೆ ದರವನ್ನು ನಿರ್ಧರಿಸುತ್ತಾನೆ. ಸಾವಿರಾರು ಕಂಟೇನರುಗಳ ನಡುವೆ ಹಂಚಿಹೋಗುವುದರಿಂದ ಒಂದು ಕಂಟೇನರಿನ ಪಾಲಿಗೆ ಬರುವ ಮೊತ್ತ ಅಲ್ಪ. ಆದರೂ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಿಂದ ಹೊರಡುವ ಎರಕದ ಬಿಡಿಭಾಗಗಳಾಗಲಿ, ಮಂಗಳೂರಿಗೆ ಬಂದಿಳಿಯುವ ಕಚ್ಚಾವಸ್ತುಗಳಾಗಲಿ, ಅವುಗಳ ಬೆಲೆಯಲ್ಲಿ ಈ ಬೆಳಕಿನ ಪೈಸೆಗಳು ಸೇರಿಯೇ ಇರುತ್ತವೆ.

ಉಪಗ್ರಹವಿರುವಾಗ ದೀಪವೇಕೆ?

ಅಂಗೈಯಲ್ಲಿನ ಮೊಬೈಲು ದಾರಿ ತೋರಿಸುವ ಈ ಕಾಲದಲ್ಲಿ ದೀಪಸ್ತಂಭದ ಅಗತ್ಯವೇನೆಂಬ ಪ್ರಶ್ನೆ ಸಹಜ. ಜಿಪಿಎಸ್ ವ್ಯವಸ್ಥೆಯು ಹಡಗಿನ ಸ್ಥಾನವನ್ನು ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಸಬಲ್ಲದೆಂಬುದು ನಿಜ. ಆದರೆ ಉಪಗ್ರಹದಿಂದ ಬರುವ ಸಂಕೇತ ಅತ್ಯಂತ ದುರ್ಬಲ. ಭೂಮಿಯ ಮೇಲಿನ ಯಂತ್ರವೊಂದು ಅದಕ್ಕೆ ಅಡ್ಡಿಪಡಿಸಬಹುದು ಅಥವಾ ಸುಳ್ಳು ಸಂಕೇತವನ್ನು ಕಳುಹಿಸಬಹುದು. 2025ರ ಜೂನ್ ತಿಂಗಳಿನಲ್ಲಿ ಕೊಲ್ಲಿ ಪ್ರದೇಶದ ಯುದ್ಧಸ್ಥಿತಿಯ ಸಂದರ್ಭದಲ್ಲಿ ಹೊರ್ಮುಜ್ ಜಲಸಂಧಿಯ ಸುತ್ತಮುತ್ತ ಇಂತಹ ಅಡ್ಡಿಗಳು ವ್ಯಾಪಕವಾಗಿ ವರದಿಯಾದವು. ಕೊಲ್ಲಿ ರಾಷ್ಟ್ರಗಳಿಗೆ ಸರಕು ಕಳುಹಿಸುವ ಕರ್ನಾಟಕದ ರಫ್ತುದಾರರಿಗೆ ಇದು ದೂರದ ಸುದ್ದಿಯಲ್ಲ.

ಹಾಗಾಗಿ ನುರಿತ ನಾವಿಕನು ಒಂದೇ ಸಾಧನವನ್ನು ನಂಬಿ ಕೂರುವುದಿಲ್ಲ. ಪರದೆಯ ಮೇಲಿನ ಅಂಕಿಯನ್ನು ಕಣ್ಣಿಗೆ ಕಾಣುವ ದೀಪದೊಡನೆ ತಾಳೆ ನೋಡುತ್ತಾನೆ. ಗಣಕದಲ್ಲಿ ಲೆಕ್ಕವಿದ್ದರೂ ವರ್ಷಕ್ಕೊಮ್ಮೆ ಗೋದಾಮಿನಲ್ಲಿ ಚೀಲಗಳನ್ನು ಎಣಿಸಿ ನೋಡುವ ವರ್ತಕನ ಪದ್ಧತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದುಬಾರಿ ಉಪಕರಣಗಳಿಲ್ಲದ ಸಣ್ಣ ಮೀನುಗಾರಿಕಾ ದೋಣಿಗಳಿಗಂತೂ ಮಲ್ಪೆ, ಗಂಗೊಳ್ಳಿಗಳ ಕಡೆಗೆ ರಾತ್ರಿ ಮರಳುವಾಗ ತೀರದ ದೀಪವೇ ಭರವಸೆ.

ಹಡಗು ತೊಂದರೆಗೆ ಸಿಲುಕಿದಾಗ

ದೀಪಸ್ತಂಭ ತಪ್ಪಿಸಲೆತ್ನಿಸುವುದು ಯಾವ ನಷ್ಟವನ್ನು ಎಂಬುದನ್ನು ಸಣ್ಣ ಉದ್ದಿಮೆದಾರರು ವಿಶೇಷವಾಗಿ ತಿಳಿಯಬೇಕು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ವಿಳಿಞಂನಿಂದ ಕೊಚ್ಚಿಗೆ ಸಾಗುವಾಗ ಕೇರಳ ತೀರದಾಚೆ ಮುಳುಗಿತು. ಅದಾದ ಸುಮಾರು ಎರಡು ವಾರಗಳಲ್ಲಿ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಈ ಎರಡೂ ದುರ್ಘಟನೆಗಳು ದೀಪದ ಅಭಾವದಿಂದ ಆದವಲ್ಲ. ಆದರೆ ಪಶ್ಚಿಮ ಕರಾವಳಿಯ ಹಡಗುದಾರಿಯಲ್ಲಿ ಅಪಾಯ ಎಷ್ಟು ಸಮೀಪದಲ್ಲಿದೆ ಎಂಬುದನ್ನು ಅವು ತೋರಿಸಿಕೊಟ್ಟವು.

ಇಂತಹ ಸಂದರ್ಭದಲ್ಲಿ ಜಾರಿಗೆ ಬರುವ ಪುರಾತನ ನಿಯಮವೊಂದಿದೆ. ಅದಕ್ಕೆ ಜನರಲ್ ಆವರೇಜ್ ಎಂದು ಹೆಸರು. ಹಡಗನ್ನೂ ಅದರಲ್ಲಿನ ಎಲ್ಲ ಸರಕನ್ನೂ ಉಳಿಸುವ ಉದ್ದೇಶದಿಂದ ಸ್ವಲ್ಪ ಸರಕನ್ನು ಕಡಲಿಗೆ ಎಸೆದರೆ ಅಥವಾ ಬೇರೆ ಹಡಗಿನಿಂದ ಎಳೆಸಲು ಹಣ ವೆಚ್ಚ ಮಾಡಿದರೆ, ಆ ತ್ಯಾಗದ ಮೊತ್ತವನ್ನು ಹಡಗಿನ ಮಾಲೀಕನೂ ಎಲ್ಲ ಸರಕುಗಳ ಮಾಲೀಕರೂ ತಮ್ಮತಮ್ಮ ಮೌಲ್ಯಕ್ಕೆ ಅನುಗುಣವಾಗಿ ಹಂಚಿಕೊಳ್ಳಬೇಕು. ಹಡಗು ಮತ್ತು ಸರಕಿನ ಒಟ್ಟು ಮೌಲ್ಯ 500 ಕೋಟಿ ರೂಪಾಯಿ, ತ್ಯಾಗ ಮತ್ತು ವೆಚ್ಚ 50 ಕೋಟಿ ರೂಪಾಯಿ ಎಂದು ಭಾವಿಸಿದರೆ ಪ್ರತಿಯೊಬ್ಬರ ಪಾಲು ಶೇಕಡಾ 10. 20 ಲಕ್ಷ ರೂಪಾಯಿ ಬೆಲೆಯ ಬಿಡಿಭಾಗಗಳನ್ನು ಕಳುಹಿಸಿದ್ದ ಕಾರ್ಖಾನೆಯ ಸರಕಿಗೆ ಒಂದು ಗೀರೂ ಬಿದ್ದಿರದಿದ್ದರೂ ಅದರ ಮೇಲೆ 2 ಲಕ್ಷ ರೂಪಾಯಿಯ ಹೊಣೆ ಬೀಳುತ್ತದೆ. ಭದ್ರತಾ ಪತ್ರ ಅಥವಾ ಠೇವಣಿ ನೀಡುವವರೆಗೆ ಸರಕು ಬಿಡುಗಡೆಯಾಗುವುದಿಲ್ಲ.

ಸಾಗರ ವಿಮೆ ಮಾಡಿಸಿದವರ ಪರವಾಗಿ ವಿಮಾ ಕಂಪನಿಯು ಈ ಭದ್ರತೆಯನ್ನು ಒದಗಿಸುತ್ತದೆ. ವಿಮೆಯಿಲ್ಲದವನು ನಗದು ಹೊಂದಿಸಬೇಕಾಗುತ್ತದೆ. ರೂಢಿಯಲ್ಲಿರುವ ಇನ್‌ಸ್ಟಿಟ್ಯೂಟ್ ಕಾರ್ಗೋ ನಿಬಂಧನೆಗಳ ಎ, ಬಿ ಮತ್ತು ಸಿ ಎಂಬ ಮೂರು ಬಗೆಗಳಲ್ಲಿ ಕನಿಷ್ಠ ರಕ್ಷಣೆಯ ಸಿ ಬಗೆಯಲ್ಲಿಯೂ ಜನರಲ್ ಆವರೇಜ್ ಪಾಲು ಸೇರಿರುತ್ತದೆ ಎಂಬುದು ಗಮನಾರ್ಹ. ಆದರೆ ಸರಕಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಪ್ರೀಮಿಯಂ ಉಳಿಸಲೆಂದು ಸರಕಿನ ಬೆಲೆಯನ್ನು ತಗ್ಗಿಸಿ ತೋರಿಸುವ ಪದ್ಧತಿ ಕೈಕೊಡುವುದು ಇಲ್ಲಿಯೇ.

ಮಾರಾಟದ ಕರಾರನ್ನೂ ಪರಿಶೀಲಿಸಬೇಕು. ಎಫ್‌ಒಬಿ ಕರಾರಿನಲ್ಲಿ ಸರಕು ಹಡಗೇರಿದ ಮೇಲೆ ಅಪಾಯದ ಹೊಣೆ ಕೊಳ್ಳುವವನದು. ಸಿಐಎಫ್ ಕರಾರಿನಲ್ಲಿ ಮಾರುವವನು ಸಾಗಣೆ ದರವನ್ನೂ ವಿಮೆಯನ್ನೂ ಭರಿಸಿದರೂ ಅಪಾಯದ ಹೊಣೆ ಹಡಗೇರಿದ ಕ್ಷಣದಲ್ಲಿಯೇ ಕೊಳ್ಳುವವನಿಗೆ ವರ್ಗವಾಗುತ್ತದೆ. ಮಾರುವವನು ಕೊಡಬೇಕಾದ ವಿಮೆ ಕನಿಷ್ಠ ರಕ್ಷಣೆಯದಷ್ಟೇ. ವಿದೇಶದಿಂದ ಯಂತ್ರ ತರಿಸುವ ಕಾರ್ಖಾನೆಯು ಸಿಐಎಫ್ ಎಂಬ ಮೂರಕ್ಷರವನ್ನು ನೋಡಿ ಪೂರ್ಣ ರಕ್ಷಣೆಯಿದೆಯೆಂದು ನಂಬದೆ, ಹೆಚ್ಚಿನ ರಕ್ಷಣೆ ಬೇಕಾದಲ್ಲಿ ಅದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು.

ಸಣ್ಣ ಉದ್ದಿಮೆಗಳಿಗೆ ಅವಕಾಶ

ದೀಪಸ್ತಂಭಗಳೂ ಬಂದರುಗಳೂ ಸ್ವತಃ ಗ್ರಾಹಕರು ಎಂಬುದನ್ನು ಮರೆಯಬಾರದು. ತೇಲುಬುರುಡೆಗಳನ್ನು ನೆಲೆಯಲ್ಲಿ ನಿಲ್ಲಿಸುವ ಭಾರದ ಗುಂಡುಗಳು, ಸರಪಳಿಗಳು, ಕೊಂಡಿಗಳು, ತುಕ್ಕುನಿರೋಧಕ ಬಣ್ಣ, ಸೌರಫಲಕದ ಚೌಕಟ್ಟು, ಬ್ಯಾಟರಿ ಪೆಟ್ಟಿಗೆ, ಫೈಬರ್ ಗಾಜಿನ ಭಾಗಗಳು ಇವೆಲ್ಲ ಕಾಲಕಾಲಕ್ಕೆ ಬದಲಾಯಿಸಬೇಕಾದ ವಸ್ತುಗಳು. ಉಪ್ಪುನೀರು ಯಾವ ಲೋಹವನ್ನೂ ಬಹುಕಾಲ ಉಳಿಸುವುದಿಲ್ಲ. ಎರಕದ ಕೆಲಸದಲ್ಲಿ ದೀರ್ಘ ಅನುಭವವಿರುವ ಶಿವಮೊಗ್ಗ ಮತ್ತು ಭದ್ರಾವತಿಯ ಫೌಂಡ್ರಿಗಳಿಗೆ ಇವುಗಳಲ್ಲಿ ಕೆಲವು ಹೊಸ ವಿದ್ಯೆಯೇನಲ್ಲ.

ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇಕಡಾ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬುದು 2012ರ ಸಾರ್ವಜನಿಕ ಖರೀದಿ ನೀತಿಯ, ಅನಂತರದ ತಿದ್ದುಪಡಿಯೊಂದಿಗಿನ, ನಿಯಮ. ಇದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದ ಉದ್ದಿಮೆದಾರರಿಗೆ ಶೇಕಡಾ 4, ಮಹಿಳಾ ಉದ್ದಿಮೆದಾರರಿಗೆ ಶೇಕಡಾ 3 ಮೀಸಲು. ಟೆಂಡರ್ ದಾಖಲೆಯ ಶುಲ್ಕ ಮತ್ತು ಮುಂಗಡ ಠೇವಣಿಗಳಿಂದ ವಿನಾಯಿತಿಯೂ ಉಂಟು. ಉದ್ಯಮ್ ನೋಂದಣಿ ಮತ್ತು ಸರ್ಕಾರದ ಜೆಮ್ ಮಾರುಕಟ್ಟೆಯ ನೋಂದಣಿ ಎರಡನ್ನೂ ಮಾಡಿಸಿಕೊಂಡವರು ಇಂತಹ ಟೆಂಡರುಗಳನ್ನು ಕುಳಿತಲ್ಲಿಂದಲೇ ಹುಡುಕಬಹುದು. ಆದರೆ ಉಪ್ಪುಗಾಳಿಗೆ ಸಿಕ್ಕ ಸರಪಳಿ ಹೇಗೆ ಸವೆಯುತ್ತದೆ, ಬಣ್ಣ ಎಲ್ಲಿ ಮೊದಲು ಏಳುತ್ತದೆ ಎಂಬುದನ್ನು ಕಣ್ಣಾರೆ ನೋಡಿದವನಿಗೆ ತಯಾರಿಕೆಯ ಮಟ್ಟ ಅರ್ಥವಾಗುವಷ್ಟು ಕಾಗದ ಓದಿದವನಿಗೆ ಆಗದು.

ಪ್ರವಾಸದ ಯೋಜನೆ

ದೀಪಸ್ತಂಭಗಳನ್ನು ಪ್ರವಾಸಿ ತಾಣಗಳಾಗಿ ಬೆಳೆಸುವ ನೀತಿ ಈಗ ಸರ್ಕಾರದ್ದೇ ಆಗಿದೆ. ಐತಿಹಾಸಿಕ ಮಹತ್ವದ ಗೋಪುರಗಳನ್ನು ಪಾರಂಪರಿಕ ದೀಪಸ್ತಂಭಗಳೆಂದು ಗುರುತಿಸಿ ಶಿಕ್ಷಣ, ಸಂಸ್ಕೃತಿ ಮತ್ತು ಪ್ರವಾಸೋದ್ಯಮಕ್ಕೆ ಬಳಸಲು 2021ರ ಕಾಯ್ದೆಯಲ್ಲಿ ಅವಕಾಶವಿದೆ. ಪ್ರವಾಸಿ ಸೌಲಭ್ಯಗಳನ್ನು ಒದಗಿಸಲಾದ 75 ದೀಪಸ್ತಂಭಗಳನ್ನು ಪ್ರಧಾನಮಂತ್ರಿಯವರು 2024ರ ಫೆಬ್ರವರಿ 28ರಂದು ತೂತ್ತುಕುಡಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದರು.

ಮೊದಲ ದಿನ ಗಾಜನೂರು, ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಇಳಿದು, ಮಧ್ಯಾಹ್ನದ ನಂತರ ಮಲ್ಪೆಯ ಮೀನುಗಾರಿಕಾ ಬಂದರನ್ನು ನೋಡಿ, ಸಂಜೆಗೆ ಕಾಪು ತಲುಪಬಹುದು. ಮರುದಿನ ಬೆಳಿಗ್ಗೆ ಹೆದ್ದಾರಿ 66ರಲ್ಲಿ ಪಡುಬಿದ್ರಿ, ಮೂಲ್ಕಿ ದಾಟಿ ದಕ್ಷಿಣಕ್ಕೆ ಹೋದರೆ ಸುರತ್ಕಲ್ಲಿನ ದೀಪಸ್ತಂಭ. ಇದು 1972ರದು, ಕಾಪುವಿನ ಗೋಪುರಕ್ಕಿಂತ ಎಪ್ಪತ್ತು ವರ್ಷ ಕಿರಿಯದು. ಸ್ವಲ್ಪ ಮುಂದೆ ಪಣಂಬೂರಿನ ತೀರದಿಂದ ನವಮಂಗಳೂರು ಬಂದರಿಗೆ ಬರುವ ಹಡಗುಗಳನ್ನು ಕಾಣಬಹುದು. ಬಂದರು ಪ್ರವೇಶಿಸುವ ಹಡಗಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಗುರುತುಗಳಿರಬೇಕೆಂಬುದು ಭಾರತ ಅನುಸರಿಸುವ ಪದ್ಧತಿ. ಮಂಗಳೂರು ನಗರದ ಲೈಟ್‌ಹೌಸ್ ಹಿಲ್ ಮೇಲಿನ ಹಳೆಯ ಗೋಪುರ ಹಡಗುಗಳಿಗೆ ದಾರಿ ತೋರುವುದನ್ನು ಎಂದೋ ನಿಲ್ಲಿಸಿದೆ. ಆದರೂ ಬಡಾವಣೆಗೆ ಅದರ ಹೆಸರು ಉಳಿದಿದೆ.

ಉತ್ತರದ ಕಡೆಗೆ ಹೋಗಬಯಸುವವರಿಗೆ ಕುಂದಾಪುರದ ಕೋಡಿ ಮತ್ತು ಭಟ್ಕಳದ ದೀಪಗಳಿವೆ. ಕಾರವಾರದಾಚೆಯ ದೇವಗಡ ದ್ವೀಪದ ದೀಪಸ್ತಂಭ 1864ರಷ್ಟು ಹಳೆಯದು. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ತೆರೆದ ಮೇಲೆ ಸಾಗರದಿಂದ ಸಿಗಂದೂರು ಮಾರ್ಗವಾಗಿ ಕೊಲ್ಲೂರಿಗೆ ಲಾಂಚಿಗಾಗಿ ಕಾಯದೆ ಹೋಗಬಹುದಾಗಿದೆ. ಹಿಂದಿರುಗುವಾಗ ಈ ದಾರಿ ಅನುಕೂಲ.

ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಅವಧಿ ಈ ಪ್ರವಾಸಕ್ಕೆ ಸೂಕ್ತ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ 14 ತಿರುವುಗಳು ಮಳೆಗಾಲದಲ್ಲಿ ಕುಸಿತಕ್ಕೆ ಈಡಾಗುವುದುಂಟು. ಭಾರೀ ವಾಹನಗಳಿಗೆ ಅಲ್ಲಿ ನಿರ್ಬಂಧವಿರುವುದರಿಂದ ದೊಡ್ಡ ಬಸ್ಸು ಮಾಡಿಕೊಂಡು ಹೊರಡುವ ಸಂಘಗಳು ಬೇರೆ ಘಟ್ಟವನ್ನು ಆರಿಸಿಕೊಳ್ಳಬೇಕು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಮಲ್ಪೆಯ ಚಟುವಟಿಕೆ ಕಾಣಸಿಗದು. ಗೋಪುರ ಹತ್ತುವ ವೇಳೆ ಮತ್ತು ರಜಾದಿನಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು. ಸಣ್ಣ ಮಕ್ಕಳನ್ನೂ ಮೊಣಕಾಲು ನೋವಿರುವ ಹಿರಿಯರನ್ನೂ ಕಡಿದಾದ ಮೆಟ್ಟಿಲುಗಳಿಗೆ ಒತ್ತಾಯಿಸಬಾರದು. ಬಂಡೆಯ ಅಂಚಿನಲ್ಲಿ ಅಲೆಗಳ ಬಗ್ಗೆ ಎಚ್ಚರವಿರಬೇಕು.

ಈ ಪ್ರವಾಸಕ್ಕೆ ಹೊರಡುವ ಉದ್ದಿಮೆದಾರರು ತಮ್ಮ ಕಳೆದ ಸಾಲಿನ ಸಾಗರ ವಿಮಾ ಪತ್ರವನ್ನು ಒಮ್ಮೆ ತೆಗೆದು ಅದರಲ್ಲಿರುವುದು ಎ, ಬಿ, ಸಿ ಇವುಗಳಲ್ಲಿ ಯಾವ ನಿಬಂಧನೆ, ವಿಮೆಯ ಮೊತ್ತ ಸರಕಿನ ನಿಜಬೆಲೆಗೆ ಸಮನಾಗಿದೆಯೇ ಎಂಬ ಎರಡು ಅಂಶಗಳನ್ನು ನೋಡಿಕೊಳ್ಳುವುದು ಸೂಕ್ತ. ದೀಪದ ಬೆಳಕು ಹಡಗನ್ನು ಬಂಡೆಯಿಂದ ದೂರವಿರಿಸಬಲ್ಲದು. ಕರಾರಿನಲ್ಲಿ ಬರೆಯದೆ ಬಿಟ್ಟ ಷರತ್ತಿನಿಂದಾಗುವ ನಷ್ಟವನ್ನು ತಪ್ಪಿಸುವ ಹೊಣೆ ಸರಕಿನ ಮಾಲೀಕನದೇ.